ಒಂದೇ ಮನೆಯ ಎರಡು ಬೀಗದ ಕೈ

ಹಾಸನ
28-5-1998

ಅಪ್ಪಾ!

‘ತೀರ್ಥರೂಪು’ ಎಂದು ಶುರು ಮಾಡಬೇಕೆಂದು ಅತ್ತೆ ಹೇಳಿಕೊಟ್ಟರು. ನನಗೆ ನಗು ಬಂತು. ಕಾನ್ವೆಂಟಿನಲ್ಲಿ ಓದಿದವಳು ಕನ್ನಡದಲ್ಲಿ ಕಾಗದ ಬರೆಯುವುದೇ ಒಂದು ಸಾಹಸ, ಅದರಲ್ಲಿ ತೀರ್ಥ ಬೇರೆ ಎಲ್ಲಿಂದ ತರಲಿ? ನೀನು ನನಗೆ ಅಪ್ಪ, ಅಷ್ಟೇ.

ಈ ಮನೆ ಎಷ್ಟು ಚೆನ್ನಾಗಿದೆ ಗೊತ್ತಾ! ಮಹಡಿಯ ಮೇಲೆ ನಮಗೇ ಒಂದು ರೂಮು. ಕಿಟಕಿ ತೆಗೆದರೆ ರಸ್ತೆಯಾಚೆ ನಿಮ್ಮ ಬ್ಯಾಂಕಿನ ರೀಜನಲ್ ಆಫೀಸು. ಬೆಳಿಗ್ಗೆ ಇವರು ಹೊಳೆನರಸೀಪುರದ ಬಸ್ಸಿಗೆ ಹೊರಟಾಗ ನಾನು ಮೇಲಿನಿಂದ ಕೈ ಬೀಸುತ್ತೇನೆ. ಆಫೀಸಿನವರು ನೋಡಿಯಾರೆಂದು ಇವರು ತಲೆ ತಗ್ಗಿಸಿಕೊಂಡು ಓಡುತ್ತಾರೆ! ಬ್ರಾಂಚಿನಲ್ಲಿ ನಿನ್ನ ಎದುರು ಎಷ್ಟು ಗಂಭೀರವಾದ ಮ್ಯಾನೇಜರೋ, ಮನೆಯಲ್ಲಿ ಅಷ್ಟೇ ಮಂಗ. ನಿನ್ನ ಬ್ರಾಂಚಿಗೆ ವರ್ಗವಾಗಿ ಬಂದವರನ್ನು ಮೂರೇ ತಿಂಗಳಲ್ಲಿ ಅಳಿಯ ಮಾಡಿಕೊಂಡುಬಿಟ್ಟೆಯಲ್ಲ ಅಪ್ಪ, ನೀನು ಜಾಣ.

ಆರತಕ್ಷತೆಯ ದಿನದ ನನ್ನ ಜೋಕು ಇಲ್ಲಿ ಇನ್ನೂ ಓಡಾಡುತ್ತಿದೆ. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಎರಡೂ ಒಟ್ಟಿಗೆ ತಿರುಗಿದರೆ ಮಾತ್ರ ಬಾಗಿಲು, ಒಬ್ಬರಿಗೊಬ್ಬರು ಕಾವಲು ಎಂದು ಚಿಕ್ಕವಳಿದ್ದಾಗ ನೀನೇ ಹೇಳುತ್ತಿದ್ದೆ. ಅದಕ್ಕೇ ರೀಜನಲ್ ಮ್ಯಾನೇಜರ್ ಅರುಣ್‌ಕುಮಾರ್ ವೇದಿಕೆಗೆ ಬಂದಾಗ ಹೇಳಿದೆ: “ಸಾರ್, ಇನ್ಮೇಲೆ ನಿಮ್ಮ ಸ್ಟ್ರಾಂಗ್ ರೂಮು ನಮ್ಮನೆ ಅಡುಗೆಮನೆ! ಒಂದು ಬೀಗದ ಕೈ ನಮ್ಮಪ್ಪನ ಹತ್ರ, ಇನ್ನೊಂದು ನಮ್ಮೆಜಮಾನ್ರ ಹತ್ರ!” ಅವರು ನಕ್ಕರು, ಪಕ್ಕದವರಿಗೆ ಹೇಳಿ ಮತ್ತೆ ನಕ್ಕರು. ನೀನೊಬ್ಬ ಮಾತ್ರ ಎಲೆ ಹಾಕಿದ್ದಾರೆ ಎನ್ನುತ್ತಾ ಎದ್ದು ಹೋದೆ.

ಇನ್ನೇನು ಆಷಾಢ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು, ಆದ್ದರಿಂದ ಒಂದು ತಿಂಗಳು ತವರು! ಸೂಟ್‌ಕೇಸು ಈಗಲೇ ತೆಗೆದಿಟ್ಟಿದ್ದೇನೆ. ಈ ಕಾಗದ ಇವರ ಟಿಫನ್ ಬ್ಯಾಗಿನಲ್ಲಿದೆ. ಅಂಚೆ ಖರ್ಚು ಉಳಿಯಿತು!

ಕುಣಿಯುತ್ತಿರುವ
ಹಂಸ

ಹೊಳೆನರಸೀಪುರ
11-6-1998

ಚಿ. ಸೌ. ಹಂಸಳಿಗೆ,

ನಿನ್ನ ಕಾಗದವನ್ನು ಮ್ಯಾನೇಜರು ಟಿಫನ್ ಬ್ಯಾಗಿನಿಂದ ತೆಗೆದು ನನ್ನ ಕೈಗೆ ಕೊಡುವಾಗ ಕೌಂಟರಿನ ಮುಂದೆ ಗಿರಾಕಿಗಳಿದ್ದರು. ಇನ್ನು ಹಾಗೆ ಕಳಿಸಬೇಡ. ಬರೆಯಲೇಬೇಕಿದ್ದರೆ ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಹಾಕು.

ನೀನು ನಗಿಸಿದವರು ನಕ್ಕು ಸುಮ್ಮನಾಗಲಿಲ್ಲ. ಮೆಮೋ ಬಂದಿದೆ. ಎರಡು ಬೀಗದ ಕೈ ಒಂದೇ ಕುಟುಂಬದಲ್ಲಿ ಇರಕೂಡದು, ಒಬ್ಬರು ಬಿಟ್ಟುಕೊಡಬೇಕು. ಮ್ಯಾನೇಜರ ಬೀಗದ ಕೈ ಅವರ ಕುರ್ಚಿಗೆ ಸೇರಿದ್ದು. ಹಾಗಾಗಿ ಬಿಡಬೇಕಾದವನು ನಾನು.

ನಿನಗೆ ಅದು ಅಡುಗೆಮನೆ. ನನಗೆ ಏನೆಂದು ಕೇಳು. ಹೇಮಾವತಿ ಬ್ಯಾಂಕೆಂದು ಕೋಟೆಯಲ್ಲಿ ವಕೀಲರೊಬ್ಬರ ಜಗುಲಿಯ ಮೇಲೆ ಹುಟ್ಟಿದ್ದು ಈ ಬ್ರಾಂಚು. ನಾನು ಸೇರಿದಾಗ ಒಂದು ಮೇಜು, ಒಂದು ಬೀರು. ಆಮೇಲೆ ಮೈಸೂರಿನ ಬ್ಯಾಂಕೊಂದು ಅದನ್ನು ನುಂಗಿತು. ಬೋರ್ಡು ಬದಲಾಯಿತು, ಪೇಟೆ ಬೀದಿಗೆ ಬಂದೆವು. ಆ ಕಬ್ಬಿಣದ ಬಾಗಿಲನ್ನು ಎತ್ತಿನ ಗಾಡಿಯಲ್ಲಿ ತಂದು, ಗೋಡೆ ಒಡೆದು ನಿಲ್ಲಿಸಿದಾಗ ಮೊದಲು ಬೀಗದ ಕೈ ತಿರುಗಿಸಿದವನು ನಾನು. ಬಡ್ತಿ ಬಂದಾಗಲೆಲ್ಲ ಬೇಡವೆಂದೆ, ಊರು ಬಿಡಬೇಕಾಗುತ್ತದೆಂದು. ಈಗ ಇನ್ನೂ ದೊಡ್ಡ ಬ್ಯಾಂಕೊಂದು ನಮ್ಮನ್ನೆಲ್ಲ ಕೊಳ್ಳುತ್ತಿದೆ. ಈ ಹೊತ್ತಿನಲ್ಲಿ ನನ್ನಿಂದ ಬೀಗದ ಕೈ ತೆಗೆದುಕೊಂಡರೆ ಊರು ಏನನ್ನುತ್ತದೆ? ‘ಏನೋ ಮಾಡಿರಬೇಕು’ ಎನ್ನುತ್ತದೆ. ಊರಿನವರು ಯಾರೂ ನಿನ್ನ ಜೋಕು ಕೇಳಿಲ್ಲ.

ನಾನು ಉತ್ತರ ಬರೆದುಕೊಟ್ಟಿದ್ದೇನೆ. ಕನ್ಯಾದಾನವಾದ ಮೇಲೆ ಮಗಳ ಗೋತ್ರ ಬೇರೆ, ಕುಟುಂಬ ಬೇರೆ; ಆ ಮನೆಗೂ ಈ ಮನೆಗೂ ಹೋಗಿಬರುವುದಾಗಲೀ ಕೊಟ್ಟು ತೆಗೆದುಕೊಳ್ಳುವುದಾಗಲೀ ಇಲ್ಲ, ಎಂದು. ವಿಲೀನ ಮುಗಿಯುವವರೆಗೆ ಗಮನಿಸುತ್ತೇವೆ, ಅಲ್ಲಿಯವರೆಗೆ ಬೀಗದ ಕೈ ನಿಮ್ಮಲ್ಲೇ ಇರಲಿ ಎಂದಿದ್ದಾರೆ.

ಬರೆದುಕೊಟ್ಟದ್ದನ್ನು ನಡೆಸಬೇಕು. ಆಷಾಢಕ್ಕೆ ಬರಬೇಡ.

ಯೋಗಾನರಸಿಂಹ

ಅರಕಲಗೂಡು
6-7-1998

ಶ್ರೀಯುತ ಹೆಡ್ ಕ್ಯಾಷಿಯರ್ ಅವರ ಸನ್ನಿಧಾನಕ್ಕೆ,

ತಮ್ಮ ಬೀಗದ ಕೈ ಆರೋಗ್ಯವಾಗಿದೆ ಎಂದು ಭಾವಿಸುತ್ತೇನೆ.

ಆಷಾಢ ಹುಟ್ಟುವ ಹಿಂದಿನ ದಿನ ಬೆಳಿಗ್ಗೆಯಿಂದ ನಾನು ಸೂಟ್‌ಕೇಸಿನ ಪಕ್ಕ ಕೂತಿದ್ದೆ. ಎಲ್ಲೋ ನಿಮ್ಮ ಮನಸ್ಸು ಬದಲಾದೀತು ಎಂಬ ಹುಚ್ಚು. ಅತ್ತೆ ಕೇಳಿದರು: “ನಿಮ್ಮೋರು ಕರ್ಕೊಂಡು ಹೋಗೋಕೆ ಯಾವಾಗ ಬರ್ತಾರಮ್ಮ?” ಮಧ್ಯಾಹ್ನ ಮತ್ತೆ ಕೇಳಿದರು. ಸಂಜೆ ಕೇಳಲಿಲ್ಲ. ಕೇಳದೇ ಇದ್ದದ್ದೇ ಹೆಚ್ಚು ಚುಚ್ಚಿತು. ಕೊನೆಗೆ ಇವರೇ ನನ್ನನ್ನು ಅರಕಲಗೂಡಿನ ಆರತಿ ಚಿಕ್ಕಮ್ಮನ ಮನೆಗೆ ತಂದುಬಿಟ್ಟರು. ಅಮ್ಮನ ತಂಗಿ ಆಫೀಸಿಗೆ ಬರೆದುಕೊಟ್ಟ ನಿಮ್ಮ ಉತ್ತರದಲ್ಲಿ ಇಲ್ಲ ತಾನೇ? ಇದ್ದರೆ ಹೇಳಿ, ಛತ್ರಕ್ಕೆ ಹೋಗುತ್ತೇನೆ.

ಇಲ್ಲಿ ಪಕ್ಕದ ಮನೆಯ ಸುವರ್ಣಮ್ಮ ದಿನವೂ ಕರಿಬೇವಿನ ನೆಪ ಹಿಡಿದು ಬರುತ್ತಾರೆ.

“ಅಲ್ಲ ಕಣವ್ವ, ತೌರ್ಮನೆ ವಳೆನರಸೀಪುರ್ದಲ್ಲೇ ಐತೆ ಅಂತೀಯಾ, ಇಲ್ಲಿ ಬಂದ್ ಕುಂತಿದ್ದೀಯಾ? ನಿಮ್ಮಪ್ಪಾರು ಚೆಂದಾಗವ್ರಾ?”

“ಚೆನ್ನಾಗಿದಾರೆ ಸುವರ್ಣಮ್ಮ. ನಾನು ಬೇರೆ ಗೋತ್ರದೋಳಾಗಿಬಿಟ್ಟೆ.”

“ಗೋತ್ರ ತಕಂಡ್ ಏನ್ ಮಾಡಿಯೇ, ಉಣ್ಣಕ್ ಬತ್ತದಾ?”

ನಿನ್ನೆ ಭಾನುವಾರ ಇವರು ಬಂದಿದ್ದರು. ಆಷಾಢದಲ್ಲಿ ಗಂಡ ಹೆಂಡತಿ ಜೊತೆಗಿರಬಾರದೆಂದು ಚಿಕ್ಕಮ್ಮ ಇವರನ್ನು ಜಗುಲಿಯಲ್ಲೇ ಕೂರಿಸಿ ಉಪ್ಪಿಟ್ಟು ಕೊಟ್ಟರು. ಕಿಟಕಿಯ ಸರಳಿನ ಈಚೆ ನಾನು, ಆಚೆ ಅವರು. ನಿಮ್ಮ ಕ್ಯಾಷ್ ಕೌಂಟರೇ ನೆನಪಾಯಿತು. ಅಪ್ಪ ನನ್ನ ವಿಷಯ ಏನಾದರೂ ಕೇಳಿದರಾ ಎಂದೆ. “ಕೇಳಿದರು,” ಎಂದರು, ಪಾಪ, ಸುಳ್ಳು ಹೇಳಲು ಬರದ ಮನುಷ್ಯ, “ಬ್ರಾಂಚಿನ ಗಡಿಯಾರ ಹಿಂದೆ ಬಿದ್ದಿದೆ, ರಿಪೇರಿ ಮಾಡಿಸ್ತೀರಾ ಅಂತ.”

ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಹೊಸ ಗೋತ್ರ ಸೇರಿಸಿಯೇ ಸಹಿ ಹಾಕುತ್ತೇನೆ.

ಹಂಸ ಆತ್ರೇಯ

ಹೊಳೆನರಸೀಪುರ
20-7-1998

ಶ್ರೀಮತಿ ಹಂಸ ಆತ್ರೇಯ ಅವರಿಗೆ,

ಪತ್ರ ತಲುಪಿತು. ಸುವರ್ಣಮ್ಮನವರ ನಾಲಿಗೆಗೆ ನಾನು ಹೊಣೆಗಾರನಲ್ಲ.

ನಿಮ್ಮ ಯಜಮಾನರೂ ನಾನೂ ಬೆಳಿಗ್ಗೆ ಆ ಬಾಗಿಲ ಮುಂದೆ ನಿಲ್ಲುತ್ತೇವೆ. ಅವರು ‘ನಮಸ್ಕಾರ’ ಎನ್ನುತ್ತಾರೆ, ನಾನು ‘ನಮಸ್ಕಾರ ಸಾರ್’ ಎನ್ನುತ್ತೇನೆ. ಮಾವ ಎಂದು ಒಮ್ಮೆ ಬಾಯಿ ತಪ್ಪಿ ಕರೆದರು. ಅವತ್ತು ತನಿಖೆಯವರು ಒಳಗಿದ್ದರು. ನಾನು ಕೇಳಿಸದವನಂತೆ ಇದ್ದೆ. ಆತ ಒಳ್ಳೆಯ ಹುಡುಗ. ಮತ್ತೆ ಕರೆಯಲಿಲ್ಲ.

ವಿಲೀನದ ಆದೇಶ ಬಂತು. ಅಕ್ಟೋಬರ್ ಕೊನೆಗೆ ಈ ಬ್ರಾಂಚನ್ನು ಮುಚ್ಚಿ ಹಾಸನದ ಬ್ರಾಂಚಿನೊಳಗೆ ಸೇರಿಸುತ್ತಾರೆ. ಹಳ್ಳಿಮೈಸೂರಿನವರು ಒಂದು ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದರು, ಇನ್ನು ಎರಡು ಬಸ್ಸು ಹಿಡಿಯಬೇಕು. ಅದನ್ನು ಕೇಳುವವರಿಲ್ಲ. ಮೊದಲ ದಿನ ಆ ಬಾಗಿಲು ತೆಗೆದವನು ಕೊನೆಯ ದಿನವೂ ತೆಗೆಯುತ್ತೇನೆ. ನನಗೆ ಬೇಕಾದದ್ದು ಅಷ್ಟೇ. ಅಲ್ಲಿಯವರೆಗೆ ನೀವು ದೂರವಿದ್ದರೆ ಉಪಕಾರ.

ಯೋಗಾನರಸಿಂಹ

ಹಾಸನ
26-8-1998

ಹೆಡ್ ಕ್ಯಾಷಿಯರ್ ಸಾಹೇಬರಿಗೆ,

ನಿನ್ನೆ ನನ್ನ ಮೊದಲ ಗೌರಿ ಹಬ್ಬ. ಹೊಸ ರೇಷ್ಮೆ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಎಷ್ಟು ಚೆನ್ನಾಗಿದ್ದೆ ಗೊತ್ತೇ? ನಿಮಗೆ ಹೇಗೆ ಗೊತ್ತಾಗಬೇಕು!

ಹನ್ನೆರಡರ ಹೊತ್ತಿಗೆ ಹಿತ್ತಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ನಿಮ್ಮ ಬ್ರಾಂಚಿನ ಅಟೆಂಡರ್ ಚಲುವಯ್ಯ, ಬಾಳೆಯ ಬುಡದಲ್ಲಿ ಅಡಗಿ ನಿಂತಿದ್ದ. ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಮೊರದ ಬಾಗಿನ.

“ಅವ್ವಾರೇ, ಇತ್ಲಾಗ್ ಬನ್ನಿ. ಅಮ್ಮಾರು ಕೊಟ್ಟವ್ರೆ. ಇಲ್ಲೇ ಇಂದಿನ್ ಬಾಗ್ಲಲ್ಲೇ ಇಸ್ಕಳಿ, ಮುಂದ್ಗಡೆ ಆಪೀಸ್ನೋರು ಕುಂತವ್ರೆ.”

“ಅಪ್ಪನಿಗೆ ಗೊತ್ತಾ ಚಲುವಯ್ಯ?”

“ಗೊತ್ತು ಕಣವ್ವ. ಇಂದಿನ್ ಬಾಗ್ಲು ಅಂತ ಯೋಳಿದ್ದೇ ಅವ್ರು.”

ಅಷ್ಟು ಹೇಳದೇ ಇದ್ದಿದ್ದರೆ ಇಸಿದುಕೊಳ್ಳುತ್ತಿದ್ದೆ. ಅಮ್ಮನ ಕೈಯ ಅರಿಶಿನದ ವಾಸನೆ ಪಂಚೆಯ ಈಚೆಗೇ ಬರುತ್ತಿತ್ತು. ವಾಪಸು ತೆಗೆದುಕೊಂಡು ಹೋಗು ಎಂದೆ.

“ಅಯ್ಯೋ, ಗೌರಮ್ಮನ್ ಬಾಗ್ನ ಯಾರಾರಾ ವಾಪಸ್ ಕಳಿಸಿದ್ದುಂಟಾ? ನಾನ್ ವತ್ಕಂಡೋಗಾಕಿಲ್ಲ ಕಣವ್ವ.”

“ಹಾಗಾದರೆ ಎದುರು ಬಾಗಿಲಿಗೆ ಬಂದು ಕೊಡು.”

ಅವನು ಎದುರು ಬಾಗಿಲ ಕಡೆ ನೋಡಿದ, ನನ್ನನ್ನು ನೋಡಿದ, ಮೊರವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಹೋದ.

ನಾನೇನು ಕದ್ದ ಮಾಲೇ, ಹಿತ್ತಿಲಿನಿಂದ ಸಾಗಿಸಲಿಕ್ಕೆ? ಬಾಗಿನ ಬಂದರೆ ಎದುರು ಬಾಗಿಲಿಗೆ ಬರಬೇಕು, ಹಗಲಲ್ಲಿ ಬರಬೇಕು, ನೀವೇ ತರಬೇಕು.

ಹಂಸ ಆತ್ರೇಯ

ಹೊಳೆನರಸೀಪುರ
4-9-1998

ಶ್ರೀಮತಿಯವರೇ,

ಅರಿಶಿನ ಕುಂಕುಮವನ್ನು ಹಿಂದಿರುಗಿಸುವ ಪಾಠವನ್ನೂ ಕಾನ್ವೆಂಟಿನಲ್ಲಿ ಕಲಿಸುತ್ತಾರೆಂದು ನನಗೆ ತಿಳಿದಿರಲಿಲ್ಲ. ಫೀಸು ಕಟ್ಟಿದ್ದು ನಾನೇ. ಆದ್ದರಿಂದ ಯಾರನ್ನೂ ಬೈಯುವಂತಿಲ್ಲ.

ನಿಮ್ಮ ತಾಯಿ ಆ ಮೊರವನ್ನು ದೇವರ ಮನೆಯಲ್ಲಿಟ್ಟಿದ್ದಾಳೆ. ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ತಟ್ಟೆಯನ್ನು ನೆಲಕ್ಕೆ ಕುಕ್ಕಿದರೆ ಬಾ ಎಂದರ್ಥ. ನಾನು ಪೂಜೆಗೆ ಕೂತಾಗಲೆಲ್ಲ ನೀವು ವಾಪಸು ಕಳಿಸಿದ ಬಳೆ, ಬಿಚ್ಚೋಲೆ ಎದುರಿಗೇ ಇರುತ್ತವೆ. ಗೆದ್ದಿರಿ, ಸಂತೋಷಪಡಿ.

ಒಂದು ಮಾತು ತಿಳಿದುಕೊಳ್ಳಿ. ನಿಮಗೆ ಹಬ್ಬ ಮುಂದಿನ ವರ್ಷವೂ ಬರುತ್ತದೆ. ನನಗೆ ಆ ಬಾಗಿಲು ಬರುವುದಿಲ್ಲ.

ಯೋಗಾನರಸಿಂಹ

ಹಾಸನ
1-10-1998

ಯೋಗಾನರಸಿಂಹ ಅವರಿಗೆ,

ಬಿರುದು ಬಿಟ್ಟು ಹೆಸರಿಗೆ ಇಳಿದಿದ್ದೇನೆ. ಅತ್ತೆ ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ.

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮೂರಿನ ಪಾಪಮ್ಮ ಸಿಕ್ಕಿದ್ದಳು, ಹಾಲು ಮಾರುವವಳು. “ಏಮಾವತಿ ಬ್ಯಾಂಕ್ ಮುಚ್ತಾರಂತಲ್ಲವ್ವ!” ಎಂದು ಒಂದೇ ಸಮ ಬಯ್ದಳು. ಕೇಳಿ ನನಗೆ ಹೇಗಾಯಿತು ಗೊತ್ತೇ? ನಿಮ್ಮ ಹೇಮಾವತಿ ಬ್ಯಾಂಕನ್ನು ಇನ್ನೊಂದು ಮನೆಗೆ ಕೊಟ್ಟು ಅದೆಷ್ಟು ಕಾಲವಾಯಿತು. ಬೋರ್ಡು ಹೋಯಿತು, ಹೆಸರು ಹೋಯಿತು, ಮನೆ ಬದಲಾಯಿತು. ಆದರೂ ಪಾಪಮ್ಮನಿಗೆ ಅದು ಹೇಮಾವತಿ ಬ್ಯಾಂಕು. ನಿಮಗೂ ಅಷ್ಟೇ. ಮನೆಯಲ್ಲಿ ಬೇರೆ ಹೆಸರು ನಿಮ್ಮ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಒಂದು ಬ್ರಾಂಚಿನ ಗೋತ್ರ ಯಾರು ಕೊಂಡರೂ ಬದಲಾಗುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳದ್ದು ಮಾತ್ರ ಒಂದು ಮೆಮೋಕ್ಕೆ ಬದಲಾಗಿಬಿಟ್ಟಿತು!

ದೀಪಾವಳಿ ಬರುತ್ತಿದೆ. ಅಳಿಯನಿಗೆ ಮೊದಲ ದೀಪಾವಳಿ ಮಾವನ ಮನೆಯಲ್ಲಿ. ಇವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ತಮ್ಮ ಸ್ನೇಹಿತರ ಮಾವಂದಿರು ಕರೆಯಲು ಬಂದ ಕಥೆಗಳನ್ನು ಸುಮ್ಮನೆ ಕೇಳಿಕೊಂಡು ಕೂರುವುದನ್ನು ನೋಡಿದ್ದೇನೆ. ಸಂಪ್ರದಾಯದಂತೆ ನೀವೇ ಬಂದು, ಕುಂಕುಮ ಕೊಟ್ಟು ಕರೆಯಬೇಕು. ಬಾರದಿದ್ದರೆ ಆ ಹೊಸಿಲನ್ನು ನಾನು ಇನ್ನು ತುಳಿಯುವುದಿಲ್ಲ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದಕ್ಕೇ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ.

ಹಂಸ

ಹಾಸನ
14-10-1998

ಯೋಗಾನರಸಿಂಹ ಅವರಿಗೆ,

ನಿನ್ನೆ ಬಂದಿರಿ. ಎದುರು ಆಫೀಸಿನವರೆಲ್ಲ ಕಾಫಿಗೆಂದು ರಸ್ತೆಗೆ ಇಳಿಯುವ ಹೊತ್ತಿಗೇ ಸರಿಯಾಗಿ, ಮುಚ್ಚುಕೋಟು ಹಾಕಿಕೊಂಡು, ಅಮ್ಮನನ್ನು ಜೊತೆಗೆ ಕರೆದುಕೊಂಡು. ಆ ಮೊರದ ಬಾಗಿನ ನಿಮ್ಮ ಕೈಯಲ್ಲೇ ಇತ್ತು. ಬಟ್ಟೆ ಮುಚ್ಚಿರಲಿಲ್ಲ. ನಾನು ಮಹಡಿಯ ಕಿಟಕಿಯಲ್ಲಿದ್ದೆ. ಎಲ್ಲ ನೋಡಿದೆ.

ಅರುಣ್‌ಕುಮಾರ್ ಅವರೇ ರಸ್ತೆ ದಾಟಿ ಬಂದರು. “ಏನು ಯೋಗಾನರಸಿಂಹ, ಕೆಲಸದ ದಿನ ಈ ಕಡೆ?”

“ರಜ ಹಾಕಿದೀನಿ ಸಾರ್. ಮಗಳ ಮನೆಗೆ ಬಂದಿದೀನಿ.”

ಅಷ್ಟು ಗಟ್ಟಿಯಾಗಿ ನೀವು ಮಾತಾಡಿದ್ದನ್ನು ನಾನು ಕೇಳಿದ್ದಿಲ್ಲ. ಅವರು ಈ ಸಲ ನಗಲಿಲ್ಲ.

ನಾನು ಕೆಳಗೆ ಇಳಿಯಲಿಲ್ಲ. ಅತ್ತೆ ಮೂರು ಸಲ ಕರೆದರು. ನೀವು ನಡುಮನೆಯಲ್ಲಿ ಗಂಟಲು ಸರಿಮಾಡಿಕೊಂಡದ್ದು, ಲೋಟ ಕೆಳಗಿಟ್ಟದ್ದು, “ಪರವಾಗಿಲ್ಲ ಬಿಡಿ, ಮಲಗಿರಬೇಕು” ಎಂದದ್ದು ಎಲ್ಲ ಕೇಳಿಸಿತು. ನಾನು ಮಲಗಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ. ಆಷಾಢದ ದಿನ ಸೂಟ್‌ಕೇಸಿನ ಪಕ್ಕ ಕೂತ ಹಾಗೆಯೇ. ಕಾಯುವುದು ಹೇಗಿರುತ್ತದೆಂದು ನಿಮಗೂ ಸ್ವಲ್ಪ ಗೊತ್ತಾಗಲಿ ಎನಿಸಿತು.

ಮೊರ ದೇವರ ಮುಂದಿದೆ. ಮುಟ್ಟಿಲ್ಲ. ದೀಪಾವಳಿಗೆ ಬರುವುದಿಲ್ಲ. ಅಮ್ಮ ಅತ್ತದ್ದಕ್ಕೆ ನೀವು ಬಂದದ್ದೆಂದು ನನಗೆ ಗೊತ್ತು. ಹೋಗಿ, ನಿಮ್ಮ ಕೊನೆಯ ದಿನವನ್ನು ಚೆನ್ನಾಗಿ ಮಾಡಿಕೊಳ್ಳಿ.

ಹಂಸ

ಹೊಳೆನರಸೀಪುರ
31-10-1998

ಹಂಸಾ,

ನಾನು ನಿಮ್ಮಮ್ಮ ರಂಗನಾಯಕಿ. ಇಷ್ಟು ದಿನ ನೀವಿಬ್ಬರೂ ಬರೆದಾಡಿದ್ದು ಸಾಕು, ಇವತ್ತು ನನ್ನ ಸರದಿ. ನನ್ನ ಅಕ್ಷರ ಹೀಗೇ ಇರುವುದು.

ನಿಮ್ಮಪ್ಪ ನಿಮ್ಮ ಮನೆಗೆ ಬಂದುಹೋದ ಮಾರನೆಯ ದಿನವೇ ಹಾಸನದಿಂದ ಜೀಪು ಬಂತು. ಬೀಗದ ಕೈ ತೆಗೆದುಕೊಂಡರು. ಹೀಗಾಗುತ್ತದೆಂದು ಗೊತ್ತಿದ್ದೇ ಬಂದಿದ್ದರು. ಅವತ್ತೊಂದು ದಿನಕ್ಕೆ ಬೀಗದ ಕೈ ಬ್ರಾಂಚಿನಲ್ಲಿ ಕೊಟ್ಟು ಬಂದಿದ್ದರೂ, ಬರುವ ಬಸ್ಸಿನಲ್ಲಿ ಕೋಟಿನ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಾನು ಬೇಡ ಎಂದೆ. ಹೌದು ಕಣೇ, ಬೇಡ ಎಂದವಳು ನಾನು. ಹದಿನೈದೇ ದಿನ ಇದೆ, ಮುಗಿಸಿಕೊಂಡೇ ಹೋಗೋಣ ಎಂದೆ. “ಆಮೇಲೆ ಹೋದರೆ ಅದು ಕರೆಯೋದಲ್ಲ, ಕೆಲಸ ಇಲ್ದೆ ಹೋಗೋದು” ಎಂದರು. ನಿನಗೆ ಹೇಳಬಾರದೆಂದು ಅಳಿಯಂದಿರ ಹತ್ತಿರ ಮಾತು ತೆಗೆದುಕೊಂಡಿದ್ದರು. ಅವರನ್ನು ನೀನು ಬಯ್ಯಬೇಡ.

ಇವತ್ತು ಬ್ಯಾಂಕಿನ ಕೊನೆಯ ದಿನ. ಕೋಟು ಹಾಕಿಕೊಂಡು ಎಂದಿನ ಹೊತ್ತಿಗೇ ಹೋದರು. ನಾನೂ ಹಿಂದೆಯೇ ಹೋದೆ, ಮನಸ್ಸು ತಡೆಯಲಿಲ್ಲ. ಇವರ ಬೀಗದ ಕೈಯನ್ನು ಚನ್ನರಾಯಪಟ್ಟಣದಿಂದ ಬಂದ ಯಾರೋ ಹೊಸ ಹುಡುಗಿಗೆ ಕೊಟ್ಟಿದ್ದರು. ಅವಳೂ ಅಳಿಯಂದಿರೂ ಬಾಗಿಲ ಮುಂದೆ ನಿಂತರು. ಇವರು ಗಿರಾಕಿಗಳ ಬೆಂಚಿನ ಮೇಲೆ ಕೂತರು.

ಚಲುವಯ್ಯ ಬಂದು, “ಬನ್ನಿ ಸಾ, ಬೀಗದ್ ಕೈ ಇಲ್ದಿದ್ರೇನು, ಬಾಗ್ಲು ತಾವ ನಿಂತ್ಕಳಿ” ಎಂದ.

“ಬೇಡ ಕಣೋ,” ಎಂದರು. “ನಾನೀಗ ಹೊರಗಿನವನು.”

ಅಳಿಯಂದಿರು ಬೀಗದ ಕೈ ಹಾಕಿದವರು ತಿರುಗಿಸದೆ ನಿಂತೇಬಿಟ್ಟರು. ಎಲ್ಲರೂ ನೋಡುತ್ತಿದ್ದರು. ಆಮೇಲೆ ಇವರ ಕಡೆ ತಿರುಗಿ, ಎಲ್ಲರ ಎದುರಿಗೆ, “ಮಾವ, ತೆಗೀಲಾ?” ಎಂದು ಕೇಳಿದರು. ಇವರು ತಲೆ ಆಡಿಸಿದರು. ಬಾಗಿಲು ತೆಗೆಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ವ್ಯಾನಿಗೆ ತುಂಬಿಕೊಂಡು ಹೋದರು. ಖಾಲಿ ರೂಮಿಗೆ ಯಾಕೆ ಎಂದು ಆ ಬಾಗಿಲಿಗೆ ಬೀಗ ಹಾಕಲೂ ಇಲ್ಲ.

ಇವರನ್ನು ಸೋಮವಾರದಿಂದ ಚನ್ನರಾಯಪಟ್ಟಣಕ್ಕೆ ಹಾಕಿದ್ದಾರೆ.

ನರಕ ಚತುರ್ದಶಿಯ ದಿನ ನಿಮ್ಮಿಬ್ಬರಿಗೆಂದು ಹಂಡೆ ತುಂಬಿಸಿ ನೀರು ಕಾಯಿಸಿದ್ದರು. ನೀರು ಆರಿದ ಮೇಲೆ ಗಿಡಕ್ಕೆ ಹಾಕಿದೆ. ನೀನು ಅವರ ಮಗಳೇ, ಸಂಶಯವಿಲ್ಲ. ಇಬ್ಬರಿಗೂ ಅದೇ ಹಾಳು ಹಟ.

ನಿಮ್ಮಮ್ಮ

ನಿನ್ನ ಅಮ್ಮ ಏನು ಬರೆದಿದ್ದಾಳೋ ನಾನು ಓದಿಲ್ಲ. ನೀನು ಬರಲೇಬೇಕೆಂದೇನೂ ಇಲ್ಲ. ಹಂಡೆ ಸೋರುತ್ತಿತ್ತು, ಬೆಸುಗೆ ಹಾಕಿಸಿದ್ದೇನೆ. ಯೋ.

ಹಾಸನ
4-11-1998

ಅಪ್ಪ,

ಬೀಗದ ಕೈ ಹೋಗುತ್ತದೆಂದು ತಿಳಿದೇ ನೀನು ಬಂದದ್ದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೆಟ್ಟಿಲು ಇಳಿದು ಬರುತ್ತಿದ್ದೆನೇ? ಹೇಳಲಾರೆ. ಇವರೊಂದಿಗೆ ಎರಡು ದಿನ ಮಾತು ಬಿಟ್ಟೆ, ಆಮೇಲೆ ಅವರ ಭುಜದ ಮೇಲೇ ಅತ್ತೆ. ಬಾಗಿನದ ಮೊರ ಮುಟ್ಟಿದೆ. ಬಳೆಗಳು ಸ್ವಲ್ಪ ದೊಡ್ಡವು. ತಂದವನು ನೀನೇ ಇರಬೇಕು, ನಿನಗೆ ನನ್ನ ಕೈಯ ಅಳತೆಯೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆಯ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಕ್ಷಮಿಸಿದ್ದೇನೆಂದು ತಿಳಿಯಬೇಡ. ಆಷಾಢ ಇನ್ನೂ ಬಾಕಿ ಇದೆ, ಹಿತ್ತಿಲ ಬಾಗಿಲು ಬಾಕಿ ಇದೆ, ನಿನಗೂ ನನ್ನ ಜೋಕಿನ ಸಿಟ್ಟು ಬಾಕಿ ಇದೆ. ಕಾಗದದಲ್ಲಿ ಜಗಳವಾಡಿ ಕೈ ಸೋತಿದೆ. ಎದುರಿಗೆ ಕೂತು, ಗಟ್ಟಿಯಾಗಿ, ಬೀದಿಗೆಲ್ಲ ಕೇಳಿಸುವ ಹಾಗೆ ಆಡೋಣ.

ಅದಕ್ಕೆ ಮುಂಚೆ ಹಂಡೆಗೆ ಬೆಂಕಿ ಹಾಕಿಸು. ತಲೆಗೆ ಎಣ್ಣೆ ಹಚ್ಚಿಸಿಕೊಂಡೇ ಶುರು ಮಾಡುತ್ತೇನೆ.

ನಿನ್ನ ಮನೆಯ
ಹಂಸ